ಆರ್‌ವಿ ತಗೊಂಡು ಯೂಟಾ, ಅರಿಜೋನಾ ಕಣಿವೆಗಳಲ್ಲಿ ಆರು ವಾರ, ನಾವಿಬ್ರೇ

ಹೇಮಾವತಿ_ದಂಡೆ:

ಎಲ್ರಿಗೂ ನಮಸ್ಕಾರ. ಹೋದ್ವರ್ಷ, ಅಂದ್ರೆ 2025ರ ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೂ ನಾನು ನಮ್ಮನೆಯವರು ಇಬ್ರೇ ಆರ್‌ವಿಲಿ ಯೂಟಾ, ಅರಿಜೋನಾ ಕಣಿವೆಗಳನ್ನ ಸುತ್ತಿ ಬಂದ್ವಿ. ಆರ್‌ವಿ ಅಂದ್ರೆ ಮಂಚ, ಅಡಿಗೆಮನೆ, ಬಾತ್‌ರೂಮ್ ಎಲ್ಲ ಒಳಗೇ ಇರೋ ಗಾಡಿ. ಸುಮಾರು ಜನ ಮೆಸೇಜ್ ಮಾಡಿ ಕೇಳಿದ್ರಿ, ಒಬ್ಬೊಬ್ರಿಗೂ ಬರೆಯೋ ಬದ್ಲು ಒಂದೇ ಕಡೆ ಬರೀತಿದೀನಿ, ಉದ್ದ ಆಗುತ್ತೆ. ನನಗೆ 65, ಅವರಿಗೆ 68. ಕ್ಯಾಲಿಫೋರ್ನಿಯಾಗೆ ಬಂದು ಮೂವತ್ತು ವರ್ಷದ ಮೇಲಾಯ್ತು, ನಾನು ಸ್ಕೂಲ್ ಲೈಬ್ರರಿಲಿ ಇದ್ದೆ, ಅವರು ಕುಡಿಯೋ ನೀರಿನ ಪ್ಲಾಂಟಲ್ಲಿ ಇಂಜಿನಿಯರ್ ಆಗಿದ್ರು. ಇಬ್ರೂ ಹಾಸನ ಕಡೆಯವರು.

ಗಾಡಿ ನಮ್ಮದೇ, 24 ಅಡಿ ಕ್ಲಾಸ್ ಸಿ, ಅಂದ್ರೆ ವ್ಯಾನಿನ ಚಾಸಿ ಮೇಲೆ ಕಟ್ಟಿದ ಮಧ್ಯಮ ಸೈಜಿಂದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೊದ್ಲು ಒಂದು ಸಲ ಬಾಡಿಗೆಗೆ ತಗೊಂಡು ನೋಡಿದ್ವಿ, ಆಗ 30 ಅಡಿದು ಕೊಟ್ಟಿದ್ರು, ಅದನ್ನ ತಿರುಗಿಸೋಕೆ ಪಾರ್ಕ್ ಮಾಡೋಕೆ ದಿನಾ ಟೆನ್ಷನ್. ಇಬ್ರಿಗೆ 24 ಅಡಿ ಧಾರಾಳ. ಹಿಂದಗಡೆ ಮಂಚ ಇರೋದೇ ತಗೊಳ್ಳಿ, ಡ್ರೈವರ್ ತಲೆ ಮೇಲಿನ ಬೆಡ್ಡಿಗೆ ಏಣಿ ಹತ್ತಿ ಹೋಗೋದು ನಮ್ಮ ವಯಸ್ಸಿಗೆ ಆಗಲ್ಲ, ರಾತ್ರಿ ಎರಡು ಸಲ ಬಾತ್‌ರೂಮಿಗೆ ಏಳ್ಬೇಕು ಅಲ್ವಾ.

ಮೊದ್ಲು ಯೂಟಾದ ಝಯಾನ್ ನ್ಯಾಷನಲ್ ಪಾರ್ಕ್. ವಾಚ್‌ಮನ್ ಕ್ಯಾಂಪ್‌ಗ್ರೌಂಡಲ್ಲಿ ಕರೆಂಟ್ ಇರೋ ಸೈಟ್ ಸಿಕ್ತು, ಐದು ರಾತ್ರಿ ಇದ್ವಿ. ಗಾಡಿ ಅಲ್ಲೇ ಬಿಟ್ಟು ಪಾರ್ಕಿನ ಶಟಲ್ ಬಸ್ಸಲ್ಲಿ ಓಡಾಟ. ಒಳಗಿನ ಕಣಿವೆ ರಸ್ತೆಗೆ ವರ್ಷದ ಬಹುಪಾಲು ಸ್ವಂತ ಗಾಡಿ ಬಿಡಲ್ಲ, 2000ದಿಂದ ಈ ಬಸ್ಸು ಇದೆ. ಕೊನೆ ಸ್ಟಾಪಿಂದ ವರ್ಜಿನ್ ನದಿ ಪಕ್ಕ ಹೋಗೋ ರಿವರ್‌ಸೈಡ್ ವಾಕ್ ಹೋಗಿ ಬರೋಕೆ 2.2 ಮೈಲಿ, ಹೆಚ್ಚುಕಮ್ಮಿ ಮಟ್ಟಸ ದಾರಿ, ನನ್ನ ಮಂಡಿ ಏನೂ ತಕರಾರು ಮಾಡ್ಲಿಲ್ಲ. ಮೂರು ದಿನ ಅದೇ ದಾರಿಲಿ ಹೋಗಿದೀನಿ, ಒಂದೊಂದು ಹೊತ್ತಿಗೆ ಒಂದೊಂದು ಬಣ್ಣ. ಗೋಡೆಯಿಂದ ನೀರು ಜಿನುಗಿ ಅಲ್ಲೇ ಜರಿಗಿಡ ಬೆಳೆದಿರುತ್ತೆ, ಮರಳುಗಾಡಿನ ಮಧ್ಯ ಮಲೆನಾಡಿನ ಒಂದು ತುಂಡು ಇಟ್ಟಂಗೆ.

ಅಲ್ಲಿಂದ ಬ್ರೈಸ್ ಕ್ಯಾನಿಯನ್ ಪಾರ್ಕ್‌ಗೆ ಹೋಗೋವಾಗ ಝಯಾನಿನ ಸುರಂಗ. 1930ರಲ್ಲಿ ಓಪನ್ ಆಗಿದ್ದು, 1.1 ಮೈಲಿ, ಆಗಿನ ಕಾಲದ ಕಾರಿಗೆ ಕೊರೆದಿದ್ದು. ನಮ್ಮಂಥ ಗಾಡಿ ತನ್ನ ಲೇನಲ್ಲಿ ಹೋದ್ರೆ ಮೇಲ್ಗಡೆ ಮೂಲೆ ತಗಲುತ್ತೆ, ಅದಕ್ಕೆ 15 ಡಾಲರ್ ಪರ್ಮಿಟ್ ತಗೊಂಡ್ರೆ ರೇಂಜರ್‌ಗಳು ಎದುರಿನ ಟ್ರಾಫಿಕ್ ನಿಲ್ಸಿ ಮಧ್ಯದಲ್ಲಿ ಬಿಡ್ತಿದ್ರು. ಒಳಗೆ ಕತ್ತಲು, ಅಲ್ಲಲ್ಲಿ ಬಂಡೆ ಕೊರೆದು ಕಿಟಕಿ ಬಿಟ್ಟಿದಾರೆ, ಅದರಲ್ಲಿ ಕೆಂಪು ಗೋಡೆ ಒಂದು ಕ್ಷಣ ಕಂಡು ಮಾಯ.

ಬ್ರೈಸ್ ಬೇರೆ ಲೋಕ. ಎತ್ತರ ಎಂಟು ಸಾವಿರ ಅಡಿ, ಏಪ್ರಿಲ್ ಕೊನೇಲೂ ರಾತ್ರಿ ನೀರು ಹೆಪ್ಪುಗಟ್ಟೋ ಚಳಿ. ಹುಕಪ್, ಅಂದ್ರೆ ಕರೆಂಟ್ ನೀರಿನ ಕನೆಕ್ಷನ್, ಇಲ್ಲ, ಹೀಟರ್ ಗ್ಯಾಸಲ್ಲಿ ಓಡಿದ್ರೂ ಅದರ ಫ್ಯಾನು ಬ್ಯಾಟರಿ ತಿನ್ನುತ್ತೆ, ಬೆಳಿಗ್ಗೆ ಎದ್ದ ತಕ್ಷಣ ಬ್ಯಾಟರಿ ನೋಡ್ಕೊಳ್ಬೇಕು. ಅಡಿಗೆ ಮಾಡೋರಿಗೆ ಒಂದು ಮಾತು, ಆ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತೆ, ತೊಗರಿಬೇಳೆ ಪಾತ್ರೇಲಿ ಎಷ್ಟು ಕುದಿಸಿದ್ರೂ ಬೇಯಲ್ಲ, ಕುಕ್ಕರ್ ಇರ್ಲೇಬೇಕು, ಅದಕ್ಕೂ ಮಾಮೂಲಿಗಿಂತ ಎರಡು ವಿಷಲ್ ಜಾಸ್ತಿ. ದೋಸೆ ಹಿಟ್ಟು ರಾತ್ರಿ ಹುಳಿ ಬರಲ್ಲ, ಹಗಲು ಡ್ರೈವರ್ ಸೀಟ್ ಮೇಲೆ ಗಾಜಿನ ಬಿಸಿಲಿಗೆ ಇಟ್ರೆ ಸಾಯಂಕಾಲಕ್ಕೆ ಉಬ್ಬಿರುತ್ತೆ.

ಅಲ್ಲಿ ನಿಂತಿರೋ ಕಲ್ಲಿನ ಕಂಬಗಳಿಗೆ ಹೂಡೂ ಅಂತಾರೆ, ಸಾವಿರಾರು. ಆ ನೆಲದ ಪೈಯೂಟ್ ಜನ ಹೇಳೋ ಕಥೆ ಪ್ರಕಾರ ಅವು ಹಿಂದೆ ಬದುಕಿದ್ದ ಜೀವಗಳು, ಕೆಟ್ಟದ್ದು ಮಾಡಿದ್ದಕ್ಕೆ ಕಯೋಟಿ (ನರಿ ಥರದ ಪ್ರಾಣಿ, ಅವರ ಕಥೆಗಳಲ್ಲಿ ಮಾಯಾವಿ) ಎಲ್ರನ್ನೂ ಕಲ್ಲು ಮಾಡಿಬಿಟ್ಟ ಅಂತ. ನನಗೆ ತಕ್ಷಣ ಅಹಲ್ಯೆ ನೆನಪಾದ್ಲು. ಬೆಳಿಗ್ಗೆ ಆರಕ್ಕೆ ಶಾಲು ಹೊದ್ದು ಸನ್‌ರೈಸ್ ಪಾಯಿಂಟಲ್ಲಿ ಕೂತಿದ್ವಿ, ಬಿಸಿಲು ಬಿದ್ದಂಗೆ ಒಂದೊಂದೇ ಕಂಬ ಒಳಗಿಂದ ದೀಪ ಹಚ್ಚಿದ ಹಾಗೆ ಬೆಳಗುತ್ತೆ, ಇವರು ನನ್ನ ಕೈ ಹಿಡ್ಕೊಂಡು ಒಂದು ಗಂಟೆ ಮಾತೇ ಆಡ್ಲಿಲ್ಲ.

ಆಮೇಲೆ ಹೈವೇ 12. ಎಸ್ಕಲಾಂಟೆ ದಾಟಿ ಬೋಲ್ಡರ್ ಊರಿಗೆ ಮುಂಚೆ ಹಾಗ್‌ಬ್ಯಾಕ್ ಅಂತ ಒಂದು ಜಾಗ, ರಸ್ತೆ ಬೆಟ್ಟದ ಬೆನ್ನುಮೂಳೆ ಮೇಲೆ ಹೋಗುತ್ತೆ, ಎರಡೂ ಕಡೆ ಪಾತಾಳ. ಲೋ ಗೇರಲ್ಲಿ ನಿಧಾನ ಇಳಿಸಿದ್ರು, ಬ್ರೇಕ್ ಒತ್ತಿ ಹಿಡ್ಕೊಂಡೇ ಇಳಿದ್ರೆ ಕಾದುಹೋಗುತ್ತೆ. ಇಳಿದು ಕ್ಯಾಪಿಟಲ್ ರೀಫ್ ಪಾರ್ಕಿನ ಫ್ರೂಟಾಗೆ ಬಂದ್ರೆ ಸುತ್ತ ಕೆಂಪು ಗೋಡೆ, ಮಧ್ಯ ಹಣ್ಣಿನ ತೋಟ! 1880ರ ದಶಕದಲ್ಲಿ ಬಂದ ಮಾರ್ಮನ್ ಜನ ಶುರು ಮಾಡಿದ್ದು, ಈಗ ಪಾರ್ಕಿನವರೇ ನೋಡ್ಕೊಳ್ತಾರೆ. ನಾವು ಹೋದಾಗ ಸೇಬಿನ ಹೂವು. ಹಣ್ಣಿನ ಕಾಲದಲ್ಲಿ ಮರದಡಿ ನಿಂತು ತಿನ್ನೋದು ಫ್ರೀ, ತಗೊಂಡು ಹೋಗೋದಿದ್ರೆ ತೂಕ ಮಾಡಿ ದುಡ್ಡು ಹಾಕಿ ಬರಬೇಕು. ಅಲ್ಲಿ ಆರು ರಾತ್ರಿ. ಈ ಇಡೀ ಪ್ರಯಾಣದಲ್ಲಿ ಇನ್ನೊಂದು ಸಲ ಎಲ್ಲಿಗಾದ್ರೂ ಹೋಗಿ ಅಂದ್ರೆ ನಾನು ಅಲ್ಲಿಗೇ ಹೋಗ್ತೀನಿ.

ಮೋಆಬ್ ಊರು, ಅದರ ಪಕ್ಕ ಕಲ್ಲಿನ ಕಮಾನುಗಳಿರೋ ಆರ್ಚಸ್ ಪಾರ್ಕ್ ಬಗ್ಗೆ ಎಲ್ರೂ ಬರೀತಾರೆ, ಜಾಸ್ತಿ ಹೇಳಲ್ಲ. ಡೆಲಿಕೇಟ್ ಆರ್ಚ್‌ಗೆ ಹೋಗಿ ಬರೋಕೆ ಮೂರು ಮೈಲಿ, ಬರೀ ಬಂಡೆ ಏರು, ಅವರೊಬ್ರೇ ಹೋದ್ರು, ನಾನು ಕೆಳಗಿನ ವ್ಯೂಪಾಯಿಂಟಿಂದ ನೋಡಿದೆ, ಅಲ್ಲಿಂದ್ಲೂ ಕಾಣುತ್ತೆ. ಉಳ್ಕೊಂಡಿದ್ದು ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕಲ್ಲಿ, ಎರಡು ಸಾವಿರ ಅಡಿ ಕೆಳಗೆ ಕೊಲೊರಾಡೋ ನದಿ ಹಾವಿನ ಥರ ತಿರುಗುತ್ತೆ. ಕರೆಂಟ್ ಇದೆ, ಆದ್ರೆ ಅಲ್ಲಿಗೆ ನೀರು ಟ್ಯಾಂಕರಲ್ಲಿ ಬರೋದ್ರಿಂದ ಆರ್‌ವಿ ಟ್ಯಾಂಕ್ ತುಂಬಿಸೋಕೆ ಬಿಡಲ್ಲ, ಮೋಆಬಲ್ಲೇ ತುಂಬಿಸ್ಕೊಂಡು ಹತ್ತಿ.

ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರ ಸ್ವಂತ ಪಾರ್ಕು, ಫೆಡರಲ್ ಪಾರ್ಕುಗಳಿಗೆ ವಯಸ್ಸಾದವರಿಗೆ ಕೊಡೋ ನಮ್ಮ ಸೀನಿಯರ್ ಪಾಸ್ ಅಲ್ಲಿ ನಡೆಯಲ್ಲ. ಒಳಗಿನ 17 ಮೈಲಿ ಮಣ್ಣು ರಸ್ತೆಗೆ ಆರ್‌ವಿ ಬಿಡಲ್ಲ, ಅಲ್ಲಿನವರೇ ಓಡಿಸೋ ತೆರೆದ ಗಾಡಿಲಿ ಹೋದ್ವಿ. ನಮ್ಮ ಗೈಡ್ ನಮ್ಮ ವಯಸ್ಸಿನ ಹೆಂಗಸು. ಅವರ ಮಣ್ಣಿನ ದುಂಡು ಮನೆ, ಹೋಗನ್ ಅಂತಾರೆ, ಒಳಗೆ ಕರ್ಕೊಂಡು ಹೋದ್ರು. ಬಾಗಿಲು ಯಾವಾಗ್ಲೂ ಪೂರ್ವಕ್ಕೇ ಇರ್ಬೇಕಂತೆ. ಇವರು ನೀರಿನ ಕೆಲಸದವರಲ್ವಾ, ಇಲ್ಲಿ ನೀರು ಎಲ್ಲಿಂದ ಅಂತ ಕೇಳಿದ್ರು. ಆಯಮ್ಮ ತಮ್ಮ ಪಿಕಪ್ ತೋರಿಸಿದ್ರು, ಹಿಂದ್ಗಡೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು. ನವಾಹೋ ನೆಲದಲ್ಲಿ ಇವತ್ತಿಗೂ ಎಷ್ಟೋ ಮನೆಗೆ ಕೊಳಾಯಿ ಇಲ್ಲ, ಮೈಲಿಗಟ್ಲೆ ಹೋಗಿ ತುಂಬಿಸ್ಕೊಂಡು ಬರ್ತಾರೆ. ನಮ್ಮ ಗಾಡಿಲಿ 40 ಗ್ಯಾಲನ್ ಟ್ಯಾಂಕು, ಇಬ್ರಿಗೆ ನಾಲ್ಕು ದಿನ ಬರುತ್ತೆ ಅಂತ ನಾವು ಲೆಕ್ಕ ಹಾಕ್ತಿದ್ವಿ. ಅವತ್ತಿಂದ ಪಾತ್ರೆ ತೊಳೆಯೋವಾಗ ನಲ್ಲಿ ತಿರುಗಿಸೋ ಕೈ ತಾನೇ ನಿಧಾನ ಆಯ್ತು, ಮನೆಗೆ ಬಂದ್ಮೇಲೂ ಹಾಗೇ ಇದೆ.

ಕೊನೇಗೆ ಪೇಜ್ ಊರು, ಅಲ್ಲಿನ ಡ್ಯಾಮಿನ ಕೆರೆ ಲೇಕ್ ಪೊವೆಲ್, ಅಲ್ಲಿಂದ ನವಾಹೋ ಬ್ರಿಡ್ಜ್ ದಾಟಿ ಗ್ರ್ಯಾಂಡ್ ಕ್ಯಾನಿಯನ್ನಿನ ಉತ್ತರದ ಅಂಚು, ನಾರ್ತ್ ರಿಮ್. ಆ ವರ್ಷ ನಾರ್ತ್ ರಿಮ್ ಮೇ 15ಕ್ಕೆ ತೆಗೆದಿತ್ತು, ನಾವು ಅದೇ ವಾರ ಹೋದ್ವಿ. ಜೇಕಬ್ ಲೇಕಿಂದ ಒಳಗೆ ಹೋಗೋ ದಾರಿಲಿ ಹುಲ್ಲುಗಾವಲು, ಕಾಡೆಮ್ಮೆ ಥರದ ಬೈಸನ್ ಹಿಂಡು, ಇನ್ನೂ ಅಲ್ಲಲ್ಲಿ ಹಿಮ. ಅಲ್ಲಿ ಕಣಿವೆ ಅಂಚಲ್ಲೇ ಹಳೇ ಲಾಡ್ಜ್ ಇತ್ತು, 1928ರಲ್ಲಿ ಕಟ್ಟಿ, 1932ರಲ್ಲಿ ಸುಟ್ಟು, 1937ರಲ್ಲಿ ಮತ್ತೆ ಕಟ್ಟಿದ್ದು. ಕ್ಯಾಂಪ್‌ಗ್ರೌಂಡಿಂದ ನಡ್ಕೊಂಡು ಹೋಗಿ ಅದರ ದೊಡ್ಡ ಕಿಟಕಿ ಮುಂದೆ ಸೋಫಾ ಮೇಲೆ ಕೂತಿದ್ವಿ, ಗಾಜಿನಾಚೆ ಕಣಿವೆ. ಜುಲೈ 4ಕ್ಕೆ ಸಿಡಿಲು ಬಡಿದು ಕಾಡಿಗೆ ಬೆಂಕಿ ಹತ್ತಿ, ಅದು ಹಬ್ಬಿ, ಒಂದು ವಾರದ ಮೇಲೆ ಲಾಡ್ಜ್ ಪೂರ್ತಿ ಸುಟ್ಟೋಯ್ತು. ನಾವು ಕೂತು ಎರಡು ತಿಂಗಳೂ ಆಗಿರ್ಲಿಲ್ಲ. ನ್ಯೂಸಲ್ಲಿ ಬರೀ ಕಲ್ಲಿನ ಗೋಡೆ ನಿಂತಿರೋ ಫೋಟೋ ನೋಡಿ ನಾನು ಅತ್ತುಬಿಟ್ಟೆ, ನಮ್ಮ ಮನೆಯಲ್ಲದ ಮನೆಗೆ.

ಏನಾದ್ರೂ ಕೇಳೋದಿದ್ರೆ ಕೇಳಿ, ನಿಧಾನಕ್ಕೆ ಉತ್ತರ ಕೊಡ್ತೀನಿ.

ಫೀನಿಕ್ಸ್_ಬಿಸಿಲು:

ಅಕ್ಕ, ತುಂಬಾ ಚೆನ್ನಾಗಿ ಬರ್ದಿದೀರ. ನಾನು ಇಲ್ಲಿ 15 ವರ್ಷದಿಂದ ಟ್ರೇಲರ್ ಎಳ್ಕೊಂಡು ಈ ಕಡೆ ತಿರುಗ್ತಿದೀನಿ, ಹೊಸದಾಗಿ ಹೋಗೋರಿಗೆ ಒಂದೆರಡು ಸೇರಿಸ್ತೀನಿ.

ಝಯಾನ್ ಸುರಂಗದ ಆ ಪರ್ಮಿಟ್ ವ್ಯವಸ್ಥೆ ಮುಗೀತಾ ಇದೆ. 2026ರ ಜೂನಿಂದ ದೊಡ್ಡ ಗಾಡಿಗಳನ್ನ ಆ ದಾರಿಲಿ ಬಿಡಲ್ಲ ಅಂತ ಪಾರ್ಕಿನವರು ಹೇಳಿದಾರೆ, 11 ಅಡಿ 4 ಇಂಚಿಗಿಂತ ಎತ್ತರ ಅಥವಾ 7 ಅಡಿ 10 ಇಂಚಿಗಿಂತ ಅಗಲ ಇದ್ರೆ ಇಲ್ಲ. ಅಂದ್ರೆ ಹೆಚ್ಚುಕಮ್ಮಿ ಎಲ್ಲ ಕ್ಲಾಸ್ ಸಿ ಗಾಡಿಗಳೂ ಔಟ್. ಹರಿಕೇನ್ ಊರಿಂದ ಹೈವೇ 59, 389 ಹಿಡಿದು ಕನಾಬ್ ಕಡೆಯಿಂದ ಸುತ್ತಿ ಹೋಗ್ಬೇಕು. ದೂರ, ಆದ್ರೆ ಆರಾಮದ ದಾರಿ.

ಎರಡನೇದು, ಫೋನಿನ ಮ್ಯಾಪ್ ನಂಬ್ಕೊಂಡು ಮೋಕಿ ಡಗ್‌ವೇಗೆ ಹೋಗಿಬಿಡ್ಬೇಡಿ ದಯವಿಟ್ಟು. ಯೂಟಾ 261ರಲ್ಲಿ ಮೂರು ಮೈಲಿ ಜಲ್ಲಿ ರಸ್ತೆ, ಸಾವಿರ ಅಡಿಗಿಂತ ಜಾಸ್ತಿ ಇಳಿಜಾರು, ಬಿಗಿ ತಿರುವು, ತಡೆಗೋಡೆ ಇಲ್ಲ. ಮ್ಯಾಪಿಗೆ ನಿಮ್ಮ ಗಾಡಿ ಉದ್ದ ಗೊತ್ತಾಗಲ್ಲ. ಬ್ಲಫ್ ಅನ್ನೋ ಊರಿನ ಮೇಲೆ ಹಾದು ಹೈವೇ 191, 163ರಲ್ಲೇ ಬನ್ನಿ.

ಟೈಮ್ ವಿಷ್ಯ, ಅರಿಜೋನಾದಲ್ಲಿ ಗಡಿಯಾರ ಮುಂದೆ ಹಿಂದೆ ಮಾಡಲ್ಲ, ನವಾಹೋ ನೇಷನ್ ಮಾಡುತ್ತೆ, ಬೇಸಿಗೇಲಿ ಒಂದೇ ರಾಜ್ಯದೊಳಗೆ ಒಂದು ಗಂಟೆ ವ್ಯತ್ಯಾಸ. ಟೂರ್ ಬುಕ್ ಮಾಡೋವಾಗ ಯಾರ ಟೈಮ್ ಅಂತ ಕೇಳ್ಕೊಳ್ಳಿ. ಮತ್ತೆ ಡೀಸೆಲ್ಲೋ ಪೆಟ್ರೋಲೋ, ಅರ್ಧ ಟ್ಯಾಂಕ್ ಆದ ತಕ್ಷಣ ತುಂಬಿಸಿ. ಐ-70ರಲ್ಲಿ ಗ್ರೀನ್ ರಿವರಿಂದ ಸಲೈನಾವರೆಗೆ ನೂರು ಮೈಲಿಗೂ ಮೇಲೆ ಒಂದು ಬಂಕೂ ಇಲ್ಲ.

ಕಲ್ಲಿನ_ಮಾಸ್ತರ:

ನಮಸ್ಕಾರ್ರೀ ಅಕ್ಕಾರ. ನಾ ಧಾರವಾಡದಾಗ ಭೂವಿಜ್ಞಾನ ಕಲಿಸಿ ರಿಟೈರ್ ಆದಾಂವ, ಮಗನ ಮನಿಗೆ ಬಂದಾಗ ಎರಡು ಸಲ ಈ ಕಡೆ ಹೋಗೇನಿ. ಭಾಳ ಮಂದಿ ಇದೆಲ್ಲಾ ನದಿ ಕೊರದದ್ದು ಅಂತ ತಿಳ್ಕೊಂಡಾರ, ಒಂದೊಂದು ಪಾರ್ಕಿನ ಕೆಲಸ ಬ್ಯಾರೆ ಅದರೀ. ಝಯಾನ್ ನದಿ ಕೊರದದ್ದು ಖರೆ. ಆದ್ರ ಬ್ರೈಸಿನಾಗ ದೊಡ್ಡ ನದಿನೇ ಇಲ್ಲ. ಅಲ್ಲೆ ಹಗಲಿಗೆ ಹಿಮ ಕರಗಿ ಬಿರುಕಿನಾಗ ನೀರು ಇಳೀತದ, ರಾತ್ರಿ ಹೆಪ್ಪುಗಟ್ಟಿ ಉಬ್ಬಿ ಕಲ್ಲು ಒಡೀತದ. ವರ್ಷದಾಗ ಅರ್ಧ ದಿನ ಹಿಂಗ ನಡೀತದ, ಅದಕ್ಕ ಕಂಬ ಆಗ್ಯಾವ. ಆರ್ಚಸ್‌ದಾಗ ಕಾರಣ ಉಪ್ಪು. ನೆಲದ ಅಡಿಗೆ ಹಳೇ ಸಮುದ್ರದ ಉಪ್ಪಿನ ಪದರ ಅದ, ಮ್ಯಾಲಿನ ಭಾರಕ್ಕ ಅದು ಸರದಾಡಿ ಮ್ಯಾಲಿನ ಕಲ್ಲು ಉದ್ದಕ ಸೀಳಿ ಗೋಡಿಯಂಗ ನಿಂತಾವ, ಆ ಗೋಡಿ ನಡುವಿನ ಮೆತ್ತನ ಭಾಗ ಉದುರಿ ಕಮಾನು ಆಗ್ಯದ. ಅಂಥಾವು ಎರಡು ಸಾವಿರಕ್ಕಿಂತ ಹೆಚ್ಚು ಲೆಕ್ಕ ಹಾಕ್ಯಾರ.

ಇನ್ನ ನಮ್ಮ ಮಂದಿಗೆ ಖುಷಿ ಕೊಡೂ ಮಾತು. ಗ್ರ್ಯಾಂಡ್ ಕ್ಯಾನಿಯನ್ ತಳದಾಗ ಇರೂ ಕರೀ ಕಲ್ಲಿಗೆ ವಿಷ್ಣು ಶಿಸ್ಟ್ ಅಂತ ಹೆಸರು. ಕ್ಲಾರೆನ್ಸ್ ಡಟನ್ ಅಂತ ಭೂವಿಜ್ಞಾನಿ 1880ರ ಸುಮಾರಿಗೆ ಅಲ್ಲಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತ ಹೆಸರಿಟ್ಟ, ಅವನ ಕಣ್ಣಿಗೆ ಅವು ಪೂರ್ವ ದೇಶದ ಗುಡಿ ಕಂಡಂಗ ಕಂಡಿದ್ದವು. ಆ ವಿಷ್ಣು ಶಿಸ್ಟಿನ ವಯಸ್ಸು ಸುಮಾರು 170 ಕೋಟಿ ವರ್ಷ. ಬೆಂಗಳೂರು ಲಾಲ್‌ಬಾಗಿನ ಬಂಡಿ ಮ್ಯಾಲ ಹತ್ತಿ ಕೂತೀರಲ್ಲ, ಅದು ಸುಮಾರು 300 ಕೋಟಿ ವರ್ಷದ್ದು! ಮುಂಜಾನೆ ವಾಕಿಂಗ್ ಹೋಗೂ ಮಂದಿ ಅದರ ಮ್ಯಾಲ ಕೂತು ಶೇಂಗಾ ತಿಂತಾರ, ಅದು ಗ್ರ್ಯಾಂಡ್ ಕ್ಯಾನಿಯನ್ ತಳಕ್ಕಿಂತ ಹಿರೇದು ಅಂತ ಒಬ್ಬರಿಗೂ ಹೇಳಾವ್ರಿಲ್ಲ ಅನ್ನೂದು ನನಗ ಭಾಳ ದಿನದ ಸಂಕಟ.

ಮತ್ತ ಆ ಕೆಂಪು ಮರಳುಗಲ್ಲು ನೋಡಿ ನನಗ ಬಾದಾಮಿನ ನೆನಪಾತು. ಕೆಂಪು ಯಾಕ ಅಂದ್ರ ಎರಡೂ ಕಡೆ ಅದ ಕಬ್ಬಿಣದ ತುಕ್ಕು. ಬಾದಾಮಿ ಕಲ್ಲಿನ ಪದರ ಮಟ್ಟಸ ಕೂತಾವ, ಅದರ ಅಡಿಗಿನ ಹಳೇ ಕಲ್ಲು ವಾರಿ ನಿಂತಾವ. ನಡುವಿನ ಕಾಲದ ಕಲ್ಲು ಇಲ್ಲೇ ಇಲ್ಲ, ಸವದು ಹೋಗ್ಯದ. ಗ್ರ್ಯಾಂಡ್ ಕ್ಯಾನಿಯನ್‌ದಾಗೂ ವಿಷ್ಣು ಶಿಸ್ಟಿನ ಮ್ಯಾಲ ನೇರ ಟೇಪೀಟ್ಸ್ ಮರಳುಗಲ್ಲು ಕೂತ ಕಡೆ ಹಿಂಗ ನೂರು ಕೋಟಿ ವರ್ಷಕ್ಕಿಂತ ಹೆಚ್ಚಿನ ಪುಟಾನೇ ಹರದು ಹೋಗ್ಯದ. ಒಂದ ಬೆರಳು ಆ ಗೆರಿ ಮ್ಯಾಲ ಇಟ್ಟು ನಿಂತಾಗ ನನಗ ಮೈ ಜುಮ್ಮಂತು.

ಹೇಮಾವತಿ_ದಂಡೆ:

ಮಾಸ್ತರೇ, ನಿಮ್ಮ ಬರಹ ನಮ್ಮನೆಯವರಿಗೆ ಓದಿ ಹೇಳಿದೆ, ಎರಡು ಸಲ ಓದಿಸಿದ್ರು. ಲಾಲ್‌ಬಾಗ್ ಬಂಡೆ ಮೇಲೆ ನಾವು ಮದುವೆಯಾದ ಹೊಸದ್ರಲ್ಲಿ ಕೂತಿದ್ವಿ, ಆ ಫೋಟೋ ಇನ್ನೂ ಇದೆ.

ಲೆಕ್ಕದ_ಪುಸ್ತಕ:

ನನ್ನ ಅಭಿಪ್ರಾಯ ಬೇರೆ, ತಪ್ಪು ತಿಳ್ಕೋಬೇಡಿ. ಗಾಡಿ ಬೆಲೆ, ಇನ್ಶೂರೆನ್ಸ್, ನಿಲ್ಸೋಕೆ ಜಾಗ, ರಿಪೇರಿ, ಗ್ಯಾಲನ್ನಿಗೆ ಎಂಟೋ ಹತ್ತೋ ಮೈಲಿ ಕೊಡೋ ಇಂಜಿನ್. ಇದೇ ದುಡ್ಡಲ್ಲಿ ಸಾಮಾನ್ಯ ಕಾರು, ಒಳ್ಳೇ ಹೋಟೆಲ್ ಆರಾಮಾಗಿ ಆಗುತ್ತೆ. ವಯಸ್ಸಾದವರು ಬ್ಲ್ಯಾಕ್ ಟ್ಯಾಂಕ್, ಅಂದ್ರೆ ಟಾಯ್ಲೆಟ್ ಟ್ಯಾಂಕಿನ, ಪೈಪ್ ಹಿಡ್ಕೊಂಡು ನಿಲ್ಲೋದು ನನಗೆ ಸರಿ ಕಾಣಲ್ಲ. ನಮ್ಮಪ್ಪ ಅಮ್ಮನಿಗೆ ನಾನಂತೂ ಬೇಡ ಅಂದೆ.

ಹೇಮಾವತಿ_ದಂಡೆ:

ಸರಿಯಾದ ಪ್ರಶ್ನೆ, ಲೆಕ್ಕ ಕೊಡ್ತೀನಿ. ಒಟ್ಟು 2,600 ಮೈಲಿ, ಗ್ಯಾಲನ್ನಿಗೆ ಒಂಬತ್ತು ಮೈಲಿ, ಪೆಟ್ರೋಲ್ ಸುಮಾರು 1,150 ಡಾಲರ್. ಕ್ಯಾಂಪ್‌ಗ್ರೌಂಡ್ ಆರು ವಾರಕ್ಕೆ 1,300 ಆಸುಪಾಸು. ಅದು ಕಮ್ಮಿ ಆಗಿದ್ದು ಸೀನಿಯರ್ ಪಾಸಿಂದ, 62 ದಾಟಿದ ಸಿಟಿಜನ್ ಮತ್ತೆ ಗ್ರೀನ್ ಕಾರ್ಡ್ ಇರೋರಿಗೆ ಜೀವನಪೂರ್ತಿ ಪಾಸ್ 80 ಡಾಲರ್, ಫೆಡರಲ್ ಕ್ಯಾಂಪ್‌ಗ್ರೌಂಡುಗಳಲ್ಲಿ ಬಹಳ ಕಡೆ ಅರ್ಧ ರೇಟು. ಗಾಡಿ ಬೆಲೆ ಸೇರಿಸಿದ್ರೆ ಹೋಟೆಲ್ಲೇ ಅಗ್ಗ ಆಗ್ಬಹುದು, ಅದನ್ನ ಒಪ್ಕೊಳ್ತೀನಿ.

ಆದ್ರೆ ನನಗೆ ಶುಗರ್ ಇದೆ, ಅವರಿಗೆ ಹೊರಗಿನ ಊಟ ಮೂರು ದಿನ ತಿಂದ್ರೆ ಆಗಲ್ಲ. ಮುದ್ದೆ, ಸೊಪ್ಪಿನ ಸಾರು, ಬೆಳಿಗ್ಗೆ ಫಿಲ್ಟರ್ ಕಾಫಿ, ನಮ್ಮದೇ ಹಾಸಿಗೆ, ನಮ್ಮದೇ ಬಾತ್‌ರೂಮು, ದಿನಾ ಸೂಟ್‌ಕೇಸ್ ಕಟ್ಟೋದು ಬಿಚ್ಚೋದು ಇಲ್ಲ. ಹೋಟೆಲಲ್ಲಿ ಇದ್ದಿದ್ರೆ ಹತ್ತು ದಿನಕ್ಕೆ ಸುಸ್ತಾಗಿ ವಾಪಸ್ ಬರ್ತಿದ್ವಿ. ಮತ್ತೆ ಊರಲ್ಲಿರೋ ಹೋಟೆಲಿಂದ ಕಣಿವೆಗೆ ಬರೋವಷ್ಟರಲ್ಲಿ ಬಿಸಿಲು ಏರಿರುತ್ತೆ, ನಾವು ಬಾಗಿಲು ತೆಗೆದ್ರೆ ಅಲ್ಲೇ ಇರ್ತಿದ್ವಿ. ಕ್ಯಾಪಿಟಲ್ ರೀಫಲ್ಲಿ ರಾತ್ರಿ ಹನ್ನೆರಡಕ್ಕೆ ಎದ್ದು ಹೊರಗೆ ನಿಂತ್ರೆ ಆಕಾಶಗಂಗೆ ಮೋಡದಷ್ಟು ದಟ್ಟ, ಚಿಕ್ಕೋಳಿದ್ದಾಗ ಕಣದಲ್ಲಿ ಮಲಗಿ ನೋಡಿದ್ಮೇಲೆ ಅಷ್ಟು ನಕ್ಷತ್ರ ನೋಡಿದ್ದು ಅಲ್ಲೇ.

ಬ್ಲ್ಯಾಕ್ ಟ್ಯಾಂಕ್ ಬಗ್ಗೆ ಸುಳ್ಳು ಹೇಳಲ್ಲ. ಮೊದ್ಲ ಸಲ ಬಾಡಿಗೆ ಗಾಡಿಲಿ ವಾಲ್ವ್ ಸರಿಯಿರ್ಲಿಲ್ಲ, ಕೊಡೋವಾಗ ಅವರು ತೋರಿಸ್ಲೂ ಇಲ್ಲ, ಟ್ಯಾಂಕ್ ಖಾಲಿ ಮಾಡೋ ಡಂಪ್ ಸ್ಟೇಷನ್ನಲ್ಲಿ ಮುಚ್ಚಳ ತೆಗೆದ ತಕ್ಷಣ ಇವರ ಕಾಲ ಮೇಲೆಲ್ಲ ಬಂತು. ಪಕ್ಕದಲ್ಲಿದ್ದ ಒಬ್ಬ ವಯಸ್ಸಾದವರು ಏನೂ ಹೇಳ್ದೆ ತಮ್ಮ ಹೋಸ್ ತಂದು ನೀರು ಬಿಟ್ರು. ಈಗ ನಾವು ಮಾಡೋದು ಇಷ್ಟೇ, ಉದ್ದ ಕೈಗವಸು, ವಾಲ್ವ್ ಮುಂದೆ ಇನ್ನೊಂದು ಎಕ್ಸ್‌ಟ್ರಾ ವಾಲ್ವ್, ಮೊದ್ಲು ಬ್ಲ್ಯಾಕ್ ಬಿಟ್ಟು ಆಮೇಲೆ ಗ್ರೇ (ಸ್ನಾನದ, ಪಾತ್ರೆ ತೊಳೆದ ನೀರಿನ ಟ್ಯಾಂಕು), ಸೋಪಿನ ನೀರಲ್ಲಿ ಪೈಪು ತಾನೇ ತೊಳೆದುಹೋಗುತ್ತೆ. ಹತ್ತು ನಿಮಿಷದ ಕೆಲಸ.

ಮೈಸೂರು_ಮಗಳು:

ಆಂಟಿ, ನಾನು ಡೆನ್ವರಲ್ಲಿದೀನಿ. ಅಪ್ಪಂಗೆ 72, ಅಮ್ಮಂಗೆ 68, ಏಪ್ರಿಲಲ್ಲಿ ವಿಸಿಟರ್ ವೀಸಾ ಮೇಲೆ ಬರ್ತಿದಾರೆ. ಎರಡು ವಾರ ಆರ್‌ವಿ ಬಾಡಿಗೆಗೆ ತಗೊಂಡು ಮೋಆಬ್, ಬ್ರೈಸ್, ಝಯಾನ್, ಗ್ರ್ಯಾಂಡ್ ಕ್ಯಾನಿಯನ್, ಪೇಜ್ ಹತ್ರದ ಆಂಟಿಲೋಪ್ ಕಣಿವೆ ಎಲ್ಲ ಮಾಡ್ಬೇಕು ಅಂತ ಆಸೆ. ಅಪ್ಪಂಗೆ ಬಿಪಿ ಇದೆ. ಇದೆಲ್ಲ ಎರಡು ವಾರಕ್ಕೆ ಆಗುತ್ತಾ?

ಹೇಮಾವತಿ_ದಂಡೆ:

ಮಗಳೇ, ಆಗುತ್ತೆ ಅಂದ್ರೆ ಆಗುತ್ತೆ, ಆದ್ರೆ ಮಾಡ್ಬೇಡ. ದಿನಾ ಗಾಡಿ ಕದಲಿಸಿದ್ರೆ ಅಪ್ಪ ಅಮ್ಮ ನೋಡೋದು ರಸ್ತೆ ಮಾತ್ರ. ಮೂರು ಜಾಗ ಆರಿಸ್ಕೋ, ಒಂದೊಂದ್ರಲ್ಲಿ ನಾಲ್ಕು ರಾತ್ರಿ. ಡೆನ್ವರಿಂದ ಬರೋದಾದ್ರೆ ಮೋಆಬ್, ಕ್ಯಾಪಿಟಲ್ ರೀಫ್, ಬ್ರೈಸ್ ಸಾಕು. ಬ್ರೈಸ್‌ನ ಕೊನೇಗೆ ಇಟ್ಕೋ, ಎತ್ತರಕ್ಕೆ ಮೈ ಹೊಂದ್ಕೊಳ್ಳುತ್ತೆ, ಆದ್ರೂ ಅಪ್ಪನ ಡಾಕ್ಟರನ್ನ ಮೊದ್ಲೇ ಕೇಳಿ ಬರೋಕೆ ಹೇಳು. ಅಲ್ಲಿ ಸನ್‌ಸೆಟ್ ಪಾಯಿಂಟಿಂದ ಸನ್‌ರೈಸ್ ಪಾಯಿಂಟಿಗೆ ಅರ್ಧ ಮೈಲಿ ಟಾರ್ ದಾರಿ, ಬೆಂಚ್ ಇದೆ, ಕೆಳಗೆ ಇಳಿಯೋದೇ ಬೇಡ.

ನೀರು ತಲಾ ದಿನಕ್ಕೆ ಒಂದು ಗ್ಯಾಲನ್ ಕುಡಿಯೋಕೇ ಅಂತ ಬೇರೆ ಇಟ್ಕೋ. ಬಾಯಾರಿಕೆ ಆಗಲ್ಲ ಅಂತ ನಮ್ಮ ವಯಸ್ಸಿನವರು ಕುಡಿಯಲ್ಲ, ಒಣ ಹವೇಲಿ ಬೆವರು ಕಾಣೋದೇ ಇಲ್ಲ. ಮಜ್ಜಿಗೆಗೆ ಉಪ್ಪು ಹಾಕಿ ಗಂಟೆಗೊಂದ್ಸಲ ಕೊಡ್ತಿರು, ಅವರ ಬಿಪಿಗೆ ಉಪ್ಪು ಎಷ್ಟು ಅಂತ ಅದನ್ನೂ ಡಾಕ್ಟರ್ ಹತ್ರ ಕೇಳ್ಕೋ.

ಫೀನಿಕ್ಸ್_ಬಿಸಿಲು:

ತಂಗಿ, ಫೀಸ್ ವಿಷ್ಯ ನೋಡ್ಕೊಳ್ಳಿ. 2026ರ ಜನವರಿಯಿಂದ ಅಮೆರಿಕದಲ್ಲಿ ವಾಸ ಇಲ್ಲದೋರಿಗೆ ಹನ್ನೊಂದು ಪಾರ್ಕಲ್ಲಿ ತಲಾ 100 ಡಾಲರ್ ಹೆಚ್ಚುವರಿ ಇದೆ, ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಮೂರೂ ಆ ಪಟ್ಟಿಲಿವೆ. ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್, ಕ್ಯಾಪಿಟಲ್ ರೀಫ್ ಇಲ್ಲ. ಹೊರದೇಶದವರಿಗೆ ವರ್ಷದ ಪಾಸ್ 250 ಡಾಲರ್. ಹೊರಡೋ ಮುಂಚೆ ಪಾರ್ಕ್ ಸೈಟಲ್ಲಿ ಓದ್ಕೊಂಡು ಯಾವುದು ಕಮ್ಮಿ ಬೀಳುತ್ತೆ ನೋಡಿ.

ಆಂಟಿಲೋಪ್ ಹೋಗೋದಾದ್ರೆ ನವಾಹೋ ಗೈಡ್ ಇಲ್ಲದೆ ಬಿಡಲ್ಲ. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ, ಆಗ ಇಂಥ ಕಿರಿದಾದ ಕಣಿವೆಗೆ ಇಳಿಯೋ ಮುಂಚೆ ರೇಂಜರನ್ನ ಕೇಳ್ಲೇಬೇಕು. 1997ರ ಆಗಸ್ಟ್ 12ಕ್ಕೆ ಲೋಯರ್ ಆಂಟಿಲೋಪಲ್ಲಿ ಪ್ರವಾಹ ಬಂದು 11 ಜನ ಸತ್ರು, ಮಳೆ ಬಿದ್ದಿದ್ದು ಮೈಲಿಗಟ್ಲೆ ಆಚೆ. ಗಟ್ಟಿ ಬಂಡೆ ನೆಲ, ನೀರು ಇಂಗಲ್ಲ, ಎಲ್ಲ ಒಂದೇ ಸಲ ಕಣಿವೆಗೆ ಬರುತ್ತೆ. ತಲೆ ಮೇಲೆ ನೀಲಿ ಆಕಾಶ ಇದೆ ಅಂತ ನಂಬೋ ಹಾಗಿಲ್ಲ.

ತುಂಗೆ_ತೀರ:

ನಾನು ಇಲ್ಲಿ ಬರೆಯೋದು ಕಮ್ಮಿ. ನಮ್ಮೆಜಮಾನ್ರು ರಿಟೈರ್ ಆದ ವರ್ಷ ಒಂದೇ ಒಂದು ಸಲ ನಾವು ಹೀಗೆ ಹೋಗಿದ್ವಿ, ಸೌತ್ ರಿಮ್ಮಿನ ಟ್ರೇಲರ್ ವಿಲೇಜಲ್ಲಿ ಮೂರು ರಾತ್ರಿ. ಮುಂದಿನ ವರ್ಷ ನಾರ್ತ್ ರಿಮ್ಮಿಗೆ ಹೋಗೋಣ, ಆ ಲಾಡ್ಜ್ ನೋಡೋಣ ಅಂತಿದ್ರು. ಎದುರಿಗೇ ಕಾಣ್ತಿತ್ತು, ನೇರ ಹಕ್ಕಿ ಹಾರಿದ್ರೆ ಹತ್ತು ಮೈಲಿ, ರಸ್ತೇಲಿ ಸುತ್ತಿ ಹೋದ್ರೆ 200 ಮೈಲಿ ಮೇಲೆ. ಆ ಮುಂದಿನ ವರ್ಷ ಅವರಿರ್ಲಿಲ್ಲ. ನೀವು ಆ ಕಿಟಕಿ ಮುಂದೆ ಕೂತಿದ್ದು ಓದಿ ನಾನೇ ಹೋಗಿ ಬಂದ ಹಾಗಾಯ್ತು. ಆ ಕಿಟಕಿಯಿಂದ ತೆಗೆದ ಫೋಟೋ ಇದ್ರೆ ಒಂದು ಹಾಕ್ತೀರಾ?

ಹೇಮಾವತಿ_ದಂಡೆ:

ಅಕ್ಕ, ಏನು ಬರೀಬೇಕೋ ಗೊತ್ತಾಗ್ತಿಲ್ಲ. ಫೋಟೋ ಇದೆ, ಮೆಸೇಜಲ್ಲಿ ಕಳ್ಸಿದೀನಿ, ನಾಲ್ಕಿವೆ. ಒಂದ್ರಲ್ಲಿ ಖಾಲಿ ಸೋಫಾ, ಅದರ ಮೇಲೆ ಸಾಯಂಕಾಲದ ಬಿಸಿಲು. ನಿಮಗೆ ಯಾವಾಗ ಮಾತಾಡ್ಬೇಕು ಅನ್ಸಿದ್ರೂ ನನ್ನ ನಂಬರ್ ಅದರಲ್ಲೇ ಇದೆ.

ಆಲೂರು_ಕಡೆಯವ:

ಅಮ್ಮ, ನಿಮ್ಮ ಹೆಸರು ನೋಡಿ ಕೇಳ್ತಿದೀನಿ. ನೀವು ಹೇಮಾವತಿ ಹಿನ್ನೀರಿನ ಕಡೆಯವರಾ? ನಮ್ಮಜ್ಜಿ ತವರೂರು ಗೊರೂರು ಡ್ಯಾಮಲ್ಲಿ ಮುಳುಗಡೆ ಆಗಿದ್ದು. ಲೇಕ್ ಪೊವೆಲ್ ಅಂತ ಒಂದೇ ಸಾಲಲ್ಲಿ ದಾಟಿಬಿಟ್ರಿ, ಅಲ್ಲೇನು ನೋಡಿದ್ರಿ ಬರೀರಿ.

ಹೇಮಾವತಿ_ದಂಡೆ:

ಊರು ಇವರದು. ಅದಕ್ಕೇ ನಾನು ಬರೀಲಿಲ್ಲ, ಅವರೇ ಬರೀಬೇಕು ಅಂತ. ಈಗ ಟೈಪ್ ಮಾಡೋಕೆ ಕೂತಿದಾರೆ, ಕನ್ನಡ ಕೀಬೋರ್ಡ್ ನಿಧಾನ, ಕೆಳಗೆ ಬರೆಯೋದು ಅವರೇ.

ನಮಸ್ಕಾರ. ಪೇಜ್ ಊರಿನ ಪಕ್ಕ ಗ್ಲೆನ್ ಕ್ಯಾನಿಯನ್ ಡ್ಯಾಮ್ ಇದೆ. 710 ಅಡಿ ಎತ್ತರ, 1963ರಲ್ಲಿ ನೀರು ನಿಲ್ಸೋಕೆ ಶುರು ಮಾಡಿದ್ರು, ಪೂರ್ತಿ ತುಂಬೋಕೆ 1980 ಆಯ್ತು. ಇಂಜಿನಿಯರ್ ಆಗಿ ನೋಡಿದ್ರೆ ಅದ್ಭುತ ಕೆಲಸ, ನಾನು ಸೇತುವೆ ಮೇಲೆ ನಿಂತು ಆ ಕಾಂಕ್ರೀಟ್ ಕಮಾನು ಎಷ್ಟೋ ಹೊತ್ತು ನೋಡಿದೆ. ಆಮೇಲೆ ಮೇಲಿನ ವ್ಯೂಪಾಯಿಂಟಿಂದ ಕೆರೆ ನೋಡಿದ್ವಿ. ಕೆಂಪು ಗೋಡೆ ಮೇಲೆ ಸುತ್ತಲೂ ಬಿಳಿ ಪಟ್ಟಿ, ಒಂದು ಕಾಲಕ್ಕೆ ನೀರು ಅಲ್ಲಿವರೆಗೆ ಇತ್ತು ಅಂತ. ಈಗ ಅರ್ಧಕ್ಕಿಂತ ಎಷ್ಟೋ ಕಮ್ಮಿ. ದೋಣಿ ನಡೆಸೋ ಒಬ್ಬ ಮುದುಕಪ್ಪ ಮಾತಿಗೆ ಸಿಕ್ಕಿದ. ನೀರಿನಡಿ ಹೋದ ಕಣಿವೇಲಿ ಕೆಥೀಡ್ರಲ್ ಇನ್ ದ ಡೆಸರ್ಟ್ ಅಂತ ಒಂದು ಜಾಗ ಇತ್ತಂತೆ, ಬಂಡೆಯ ದೊಡ್ಡ ಗವಿ, ಒಳಗೆ ಸಣ್ಣ ಜಲಪಾತ. ನೀರು ಇಳಿದಾಗ 2005ರಲ್ಲಿ ಮತ್ತೆ ಕಾಣಿಸ್ತು ಅಂದ.

ನಮ್ಮ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಎಲ್ರಿಗೂ ಗೊತ್ತು. ಮಳೆಗಾಲದಲ್ಲಿ ಹಿನ್ನೀರಲ್ಲಿ ಮುಳುಗುತ್ತೆ, ಬೇಸಿಗೇಲಿ ಎದ್ದು ನಿಲ್ಲುತ್ತೆ, ಜನ ಹೋಗಿ ಫೋಟೋ ತಗೋತಾರೆ. ಅದೇ ನೀರಿನಡಿ ನಮ್ಮ ಮನೆ, ಎರಡು ಎಕರೆ ಗದ್ದೆ, ಮಾರಮ್ಮನ ಗುಡಿ ಇದೆ. ಮುಳುಗಡೆ ಆದಾಗ ನನಗೆ ಇಪ್ಪತ್ತೆರಡು ವಯಸ್ಸು. ಮನೆ ಬಿಚ್ಚುವಾಗ ನಮ್ಮಪ್ಪ ಹೆಂಚು, ತೊಲೆ ಎಲ್ಲ ಮಾರಿ, ಮುಂದಿನ ಬಾಗಿಲುವಾಡ ಮಾತ್ರ ಗಾಡಿ ಮೇಲೆ ಹಾಕ್ಕೊಂಡು ಬಂದ್ರು. ಪೂರ್ವದ ಬಾಗಿಲು. ಹೊಸ ಊರಲ್ಲಿ ಕೊಟ್ಟ ಸೈಟು ಪಶ್ಚಿಮಕ್ಕಿತ್ತು, ಅದನ್ನ ಕೂರಿಸೋಕೆ ಆಗ್ಲೇ ಇಲ್ಲ, ಕೊಟ್ಟಿಗೇಲಿ ಒರಗಿಸಿಟ್ಟಿದ್ರು. ಆ ನವಾಹೋ ಹೆಂಗಸು ತಮ್ಮ ಮನೆ ಬಾಗಿಲು ತೋರಿಸಿದಾಗ ನನಗೆ ಮಾತು ಬರ್ಲಿಲ್ಲ, ನಮ್ಮನೆಯೋಳಿಗೂ ರಾತ್ರಿ ಗಾಡಿಲಿ ಮಲಗಿದ್ಮೇಲೆ ಹೇಳಿದೆ.

ನೀರು ಬೇಕು, ಡ್ಯಾಮ್ ಬೇಕು, ನಾನು ಅದೇ ಅನ್ನ ತಿಂದವನು. ಆದ್ರೆ ಕೆರೆ ನೋಡೋವಾಗ ಎಲ್ರೂ ನೀರು ನೋಡ್ತಿದ್ರು, ನಾನು ಆ ಬಿಳಿ ಪಟ್ಟಿ ನೋಡ್ತಿದ್ದೆ.

ಆಲೂರಿನವರೇ, ನಿಮ್ಮಜ್ಜಿ ತವರೂರಿನ ಹೆಸರು ಮೆಸೇಜಲ್ಲಿ ಬರೀರಿ, ನನಗೆ ಸುತ್ತಲಿನ ಊರೆಲ್ಲ ಗೊತ್ತು. ಏಪ್ರಿಲ್ ಕೊನೇಲಿ ನೀರು ಚೆನ್ನಾಗಿ ಇಳಿದ್ರೆ ನಮ್ಮೂರ ಬಾವಿಕಟ್ಟೆ ಕಾಣುತ್ತೆ ಅಂತ ತಮ್ಮ ಹೇಳ್ತಾನೆ. ಟಿಕೆಟ್ ಮಾಡಿಸಿದೀವಿ, ಹೋಗಿ ಬಂದು ಫೋಟೋ ಹಾಕ್ತೀನಿ.